ಮಾಳಿಗೆಯ ಮಣ್ಣು ಕುಸ್ತಿಗೆ ಹೋದ ವರ್ಷ

ನಮ್ಮ ಮಾಳಿಗೆಗೆ ಹಾಕಬೇಕಿದ್ದ ಮಣ್ಣನ್ನು ಕುಸ್ತಿಯ ಅಖಾಡಕ್ಕೆ ಹೊತ್ತೊಯ್ದ ವರ್ಷ ನನ್ನ ಅಕ್ಕ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಿದ್ದಳು. ಆಗ ನಿಜಾಮರ ಆಳಿಕೆ. ನಾನು ಎರಡನೇ ಇಯತ್ತೆ ಓದುತ್ತಿದ್ದೆ.

ಮೊನ್ನೆ ನೀವು ಮೊಮ್ಮಕ್ಕಳು ಟಿ.ವಿ.ಯಲ್ಲಿ ಯಾವುದೋ ದೇಶದ ದೊಡ್ಡ ಆಟದ ಮೇಳ ನೋಡುತ್ತಿದ್ದಿರಿ. ಆ ಊರಿನಲ್ಲಿ ಬಡವರ ಮನೆಗಳು ಕಾಣಬಾರದೆಂದು ಬಣ್ಣದ ತಗಡು ನಿಲ್ಲಿಸಿ ಮರೆ ಮಾಡಿದ್ದನ್ನು ತೋರಿಸಿದರು. ನಮ್ಮ ಓಣಿಗೂ ಹೀಗೆ ಮಾಡಿದ್ದರು ಎಂದೆ. ನೀವು ನಕ್ಕಿರಿ. ನಿಮ್ಮ ನಗೆ ಕಂಡು ಮುಂದೆ ಹೇಳಲಿಲ್ಲ. ನಾಲ್ಕು ಮಂದಿ ಮುಖ ನೋಡಿದರೆ ನನಗೆ ಮಾತು ನಿಂತುಹೋಗುತ್ತದೆ, ಅದು ನಿಮಗೂ ಗೊತ್ತು. ಅದಕ್ಕೆ ಬರೆಯುತ್ತಿದ್ದೇನೆ.

ನನ್ನ ತವರು ಲಿಂಗಸುಗೂರು. ಹಿಂದೆ ಅಲ್ಲಿ ಗೋರಾ ಮಂದಿಯ, ಅಂದರೆ ಇಂಗ್ಲಿಷರ ದಂಡು ಇತ್ತಂತೆ, ಆದ್ದರಿಂದ ಊರಿನ ಆ ಭಾಗಕ್ಕೆ ಛಾವಣಿ ಎನ್ನುತ್ತಿದ್ದರು. ನಾವು ಹುಟ್ಟುವ ಹೊತ್ತಿಗೆ ದಂಡು ಹೋಗಿ ಎಷ್ಟೋ ಕಾಲವಾಗಿತ್ತು. ಉಳಿದದ್ದು ಅಗಲವಾದ ಬಯಲು ಮತ್ತು ಅದರ ಸುತ್ತ ಬೇವಿನ ಮರಗಳು. ಬಯಲಿನ ಅಂಚಿಗೇ ನಮ್ಮ ಓಣಿ. ನಮ್ಮ ಮನೆಯ ಮಾಳಿಗೆ ಹತ್ತಿದರೆ ಇಡೀ ಬಯಲು ಅಂಗೈಯಂತೆ ಕಾಣುತ್ತಿತ್ತು. ಅಪ್ಪನಿಗೆ ಸ್ವಲ್ಪ ಎರೆಹೊಲ, ಒಂದು ಚಕ್ಕಡಿ, ಎರಡು ಎತ್ತು ಇದ್ದವು.

ಈಗಿನ ಸಿಂಧನೂರಿನ ಮನೆಯಲ್ಲಿ ಹುಟ್ಟಿದ ನಿಮಗೆ ಮಣ್ಣಿನ ಮಾಳಿಗೆ ಎಂದರೆ ತಿಳಿಯಲಿಕ್ಕಿಲ್ಲ. ತೊಲೆಗಳ ಮೇಲೆ ಜಂತಿ, ಜಂತಿಗಳ ಮೇಲೆ ತೊಗರಿಕಟ್ಟಿಗೆ, ಅದರ ಮೇಲೆ ಬೇವಿನ ಸೊಪ್ಪು, ಎಲ್ಲದರ ಮೇಲೆ ಗೇಣು ದಪ್ಪ ಮಣ್ಣು. ನೀರು ಬಿದ್ದು ಬಿದ್ದು ಮಣ್ಣು ತೆಳುವಾಗುತ್ತದೆ. ಆದ್ದರಿಂದ ಬೇಸಿಗೆಯಲ್ಲಿ ಹಳೆಯ ಮೇಲ್ಮಣ್ಣು ಕೆರೆದು ತೆಗೆದು, ರೋಹಿಣಿ ಮಳೆ ಬರುವುದರೊಳಗೆ ಹೊಸ ಮಣ್ಣು ಹಾಕಿ ಬಡಿಯಬೇಕು. ಗುಡ್ಡದ ಕಡೆಯಿಂದ ಕೆಂಪು ಮಣ್ಣು ತರುವುದು ಗಂಡಸರ ಕೆಲಸ. ಅದನ್ನು ಕುಟ್ಟಿ, ಜರಡಿ ಹಿಡಿದು, ಹದ ಮಾಡಿ, ಮೇಲೆ ಹಾಕಿ ಬಡಿಯುವುದು ಹೆಂಗಸರ ಕೆಲಸ. ಹದ ಮಾಡುವುದೆಂದರೆ ಜರಡಿ ಹಿಡಿದ ಮಣ್ಣಿಗೆ ಹರಳುಪ್ಪು, ಬೇವಿನ ಹಿಂಡಿ ಬೆರೆಸುವುದು. ಉಪ್ಪು ಬಿದ್ದರೆ ಮಾಳಿಗೆಯ ಮೇಲೆ ಹುಲ್ಲು ಹುಟ್ಟುವುದಿಲ್ಲ, ಹಿಂಡಿ ಬಿದ್ದರೆ ಗೆದ್ದಲು ಹತ್ತುವುದಿಲ್ಲ. ನಮ್ಮ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಿದ್ದರು, ಯಾರೂ ಅದರ ಬಗ್ಗೆ ಮಾತಾಡುತ್ತಿರಲಿಲ್ಲ, ಸಾರಿಗೆ ಉಪ್ಪು ಹಾಕಿದ್ದನ್ನು ಯಾರೂ ಹೇಳಿಕೊಂಡು ತಿರುಗುವುದಿಲ್ಲವಲ್ಲ.

ಅಕ್ಕನನ್ನು ಮಸ್ಕಿಗೆ ಕೊಟ್ಟಿತ್ತು. ಅವಳು ಬಂದಾಗ ದಿನ ತುಂಬಲು ಹೆಚ್ಚು ಉಳಿದಿರಲಿಲ್ಲ. ಅವಳಿಗೆ ನಡುಮನೆಯ ಪಕ್ಕದ ಕೋಣೆ ಗೊತ್ತುಮಾಡಿದ್ದರು. ಹಿಂದಿನ ಮಳೆಗಾಲದಲ್ಲಿ ಆ ಕೋಣೆಯೇ ಹೆಚ್ಚು ಸೋರಿತ್ತು. ಅದಕ್ಕೆ ಅಪ್ಪ ಆ ವರ್ಷ ಬೇಗನೆ ಹಳೆಯ ಮಣ್ಣನ್ನೆಲ್ಲ ಸೊಪ್ಪಿನ ಸಮೇತ ಕೆರೆದು ಹಾಕಿದ. ಕೋಣೆಯಲ್ಲಿ ಮಲಗಿ ಮೇಲೆ ನೋಡಿದರೆ ಕಟ್ಟಿಗೆಯ ಸಂದಿಯಲ್ಲಿ ಬಿಸಿಲಿನ ಚುಕ್ಕೆಗಳು ಕಾಣುತ್ತಿದ್ದವು. ಹೊಸ ಮಣ್ಣು ಬಾಗಿಲ ಮುಂದೆ ಗುಡ್ಡೆಯಾಗಿ ಬಿದ್ದಿತ್ತು. ಅವ್ವ ಅದನ್ನು ಜರಡಿ ಹಿಡಿದು, ಉಪ್ಪು ಹಿಂಡಿ ಬೆರೆಸಿ ಮುಗಿಸಿದ್ದಳು. ಓಣಿಯ ಉಳಿದ ಮನೆಗಳ ಮುಂದೆಯೂ ಅಂಥವೇ ಗುಡ್ಡೆಗಳು. ಒಳ್ಳೆಯ ದಿನ ನೋಡಿ ಮೇಲೇರಿಸುವುದೊಂದು ಬಾಕಿ.

ಅಷ್ಟರಲ್ಲಿ ಡಂಗುರ ಬಂತು. ದೊಡ್ಡ ಅಧಿಕಾರಿಯೊಬ್ಬರಿಗೆ ಕುಸ್ತಿಯ ಹುಚ್ಚು. ಅವರು ಛಾವಣಿ ಬಯಲಿನಲ್ಲಿ ದಂಗಲ್ ಇಡಿಸಿದ್ದಾರೆ, ದೇಶ ದೇಶದ ಪೈಲ್ವಾನರು ಬರುತ್ತಾರೆ ಎಂದು ಸಾರಿದರು. ಪಂಜಾಬಿನವರು, ಕಾಬೂಲಿನವರು, ಇರಾನಿನವನೊಬ್ಬ ಎಂದು ಮಂದಿ ಮಾತಾಡಿಕೊಂಡರು. ನಮಗೆ ರಾಯಚೂರೇ ದೂರದ ಊರು.

ದಂಗಲ್ ಬಯಲಿನಲ್ಲಿದ್ದರೂ ಅದು ನಮ್ಮ ಮನೆಗಳ ಒಳಗೆ ಬಂದುಬಿಟ್ಟಿತು. ಮೊದಲು ತಿಪ್ಪೆಗಳನ್ನು ಎತ್ತಿಸಿದರು. ಬಯಲಿನ ಕಡೆ ಮುಖ ಮಾಡಿದ ಗೋಡೆಗಳಿಗೆ ಸುಣ್ಣ ಹೊಡೆಸಿದರು; ಓಣಿಯ ಒಳಗಿನ ಗೋಡೆಗಳು ಇದ್ದ ಹಾಗೇ ಉಳಿದವು. ಸುಣ್ಣ ಹೊಡೆಯಲು ಬಾರದಷ್ಟು ಬಿದ್ದುಹೋದ ಎರಡು ಮನೆಗಳ ಮುಂದೆ ತಟ್ಟಿ ಕಟ್ಟಿದರು. ಆ ಮನೆಯವರು ತಟ್ಟಿಯ ಸಂದಿಯಿಂದ ತೂರಿ ಹೊರಗೆ ಬರುತ್ತಿದ್ದರು. ಸಾಲೆಯಲ್ಲಿ ಪೈಲ್ವಾನರ ಅಡಿಗೆ ಹೂಡಿದರು, ನಮಗೆ ರಜೆ ಸಿಕ್ಕಿತು. ಮನೆಮನೆಯ ಹಾಲು ಅಲ್ಲಿಗೆ ಹೋಯಿತು. ಎಲ್ಲರಿಗೂ ಕೇಡಾಯಿತೆಂದರೆ ಸುಳ್ಳಾಗುತ್ತದೆ. ನಮ್ಮ ಪಕ್ಕದ ಮನೆಯಲ್ಲಿ ಎಣ್ಣೆಯ ಗಾಣ ಇತ್ತು. ಅಖಾಡಕ್ಕೂ ಪೈಲ್ವಾನರ ಮೈಗೂ ಬೇಕೆಂದು ಅವರ ಎಣ್ಣೆಯೆಲ್ಲ ಒಳ್ಳೆಯ ಬೆಲೆಗೆ ಹೋಯಿತು. ಗಾಣದ ಯಜಮಾನಿಯನ್ನು ನಾವು ದೊಡ್ಡವ್ವ ಎನ್ನುತ್ತಿದ್ದೆವು. ದಂಗಲ್ ವರ್ಷಕ್ಕೊಮ್ಮೆ ಆಗಲಿ ಎಂದು ಅವಳು ಹನುಮಪ್ಪನಿಗೆ ಕಾಯಿ ಒಡೆಸಿದಳು.

ಆಮೇಲೆ ಚಕ್ಕಡಿಗಳ ಪಾಳಿ ಬಂತು. ರಾಯಚೂರಿನ ರೈಲು ಠಾಣೆಯಿಂದ ಡೇರೆ, ಪೆಟ್ಟಿಗೆ ತರಲು ಊರಿನ ಗಾಡಿಗಳನ್ನೆಲ್ಲ ಬಿಟ್ಟಿಗೆ ಹಿಡಿದರು. ಅಪ್ಪ ಎತ್ತು ಹೂಡಿಕೊಂಡು ಹೋಗಬೇಕಾಯಿತು. ಹೋಗುವಾಗ ಮಾಳಿಗೆಯ ಕಡೆ ಒಮ್ಮೆ ನೋಡಿ, ನಾನು ಬರುವ ತನಕ ಕಾಯಬೇಡಿ, ಓಣಿಯವರನ್ನು ಕರೆದು ಮಣ್ಣು ಏರಿಸಿಬಿಡಿ ಎಂದು ಅವ್ವನಿಗೆ ಹೇಳಿದ.

ಏರಿಸಲು ಆಗಲಿಲ್ಲ. ಅಪ್ಪ ಹೋದ ಮರುದಿನವೇ ಕಂದಾಯದ ಗಿರ್ದಾವರ್ ಸಾಹೇಬರು ಆಳುಗಳನ್ನು ಕರೆದುಕೊಂಡು ಓಣಿಗೆ ಬಂದರು. ಅಖಾಡಕ್ಕೆ ಜರಡಿ ಹಿಡಿದ ಕೆಂಪು ಮಣ್ಣು ಬೇಕಾಗಿತ್ತು. ಗುಡ್ಡಕ್ಕೆ ಹೋಗಿ ತರಲು ಗಾಡಿಗಳಿರಲಿಲ್ಲ, ಗಾಡಿಗಳೆಲ್ಲ ರಾಯಚೂರಿನ ದಾರಿಯಲ್ಲಿದ್ದವು. ಇಲ್ಲಿ ನೋಡಿದರೆ ಹಿಟ್ಟಿನಂಥ ಮಣ್ಣು ಮನೆಮನೆಯ ಮುಂದೆ ಗುಡ್ಡೆ ಬಿದ್ದಿದೆ. ಅವರು ಕೈಯಲ್ಲಿ ಹಿಡಿದು ನೋಡಿ ಸಂತೋಷಪಟ್ಟರು. ಆಳುಗಳು ಬುಟ್ಟಿ ತುಂಬತೊಡಗಿದರು. ಅವ್ವ ಬಾಗಿಲ ಮರೆಯಲ್ಲಿ ಸೆರಗು ಬಾಯಿಗೆ ಒತ್ತಿ ನಿಂತಿದ್ದಳು. ಹೊರಗಿನ ಗಂಡಸರ ಮುಂದೆ ಅವಳು ಒಂದು ಮಾತನ್ನೂ ಆಡಿದವಳಲ್ಲ. ನನ್ನ ಸಂಕೋಚ ಅವಳಿಂದಲೇ ಬಂದದ್ದು. ಮಧ್ಯಾಹ್ನದ ಹೊತ್ತಿಗೆ ಬಾಗಿಲ ಮುಂದೆ ಗುಡ್ಡೆಯ ಬದಲು ಕೆಂಪು ಕಲೆಯೊಂದು ಉಳಿಯಿತು. ಒಳಗೆ ಅಕ್ಕ ಮೇಲೆ ನೋಡುತ್ತ ಮಲಗಿದ್ದಳು.

ಅಖಾಡ ಸಿದ್ಧವಾಯಿತು. ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಸುರಿದು ಕಾಲಲ್ಲಿ ಕಲಸಿದರು. ಹೊರಗಿನಿಂದ ಬಂದ ಪೈಲ್ವಾನರು ತಮ್ಮ ತಮ್ಮ ಊರಿನ ಗರಡಿಯಿಂದ ಒಂದೊಂದು ಹಿಡಿ ಮಣ್ಣು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದಿದ್ದರು. ಅದನ್ನೂ ಬೆರೆಸಿದರು, ಅದು ಅವರ ಪದ್ಧತಿ. ಜೊತೆಗೆ ಇನ್ನೊಂದು ಡಂಗುರವಾಯಿತು: ದಂಗಲ್ ಮುಗಿಯುವ ತನಕ ಬಯಲಿನ ಸುತ್ತಿನ ಯಾವ ಮಾಳಿಗೆಯ ಮೇಲೂ ಹೆಂಗಸರು ಕಾಣಬಾರದು. ಪೈಲ್ವಾನರು ಲಂಗೋಟಿಯಲ್ಲಿರುತ್ತಾರೆ, ಅಖಾಡದ ಮೇಲೆ ಹೆಣ್ಣಿನ ಕಣ್ಣು ಬೀಳಬಾರದು. ಆ ನೇಮ ನಮ್ಮೂರ ಗರಡಿಯಲ್ಲೂ ಇತ್ತು, ಹೊಸದಲ್ಲ. ಆದರೆ ಮಣ್ಣೂ ಇಲ್ಲದೆ, ಮಾಳಿಗೆ ಏರಲೂ ಆಗದೆ, ಪಡುವಣದ ಮೋಡ ನೋಡುತ್ತ ಕೂಡುವ ಸ್ಥಿತಿ ನಮ್ಮದಾಯಿತು.

ತಾಲೀಮಿನ ದಿನ ಬೆಳಿಗ್ಗೆ ಬಯಲಿನ ಕಡೆಯಿಂದ ಗದ್ದಲ ಕೇಳಿತು. ಮೊದಲ ಜೋಡಿ ಮಣ್ಣಿಗೆ ಇಳಿದು ಹೊರಳಾಡಿದ್ದೇ ತಡ, ಇಬ್ಬರೂ ಒಬ್ಬರನ್ನೊಬ್ಬರು ಬಿಟ್ಟು ಎದ್ದು ಬಾವಿಯ ಕಡೆ ಓಡಿದ್ದರು. ಅವರ ಮೈ ಕ್ಷೌರ ಮಾಡಿಸಿದ ಮೈ. ತರಚಿದ ಕಡೆಯೆಲ್ಲ ಉರಿ. ಕಣ್ಣಿಗೆ ಮಣ್ಣು ಬಿದ್ದವನು ರೆಪ್ಪೆ ತೆರೆಯಲಾರದೆ ಕುಳಿತನಂತೆ. ಎರಡನೆಯ ಜೋಡಿಗೂ ಅದೇ ಗತಿ. ಊರಿನ ಗರಡಿಯ ಉಸ್ತಾದರು ಒಂದು ಚಿಟಿಕೆ ಮಣ್ಣನ್ನು ನಾಲಿಗೆಗೆ ಹಚ್ಚಿ ಉಗುಳಿದರು. ಅವರು ಮುದುಕರು, ಮುಸಲ್ಮಾನರು, ನಮ್ಮ ಅಪ್ಪನಿಗೂ ಚಿಕ್ಕಂದಿನಲ್ಲಿ ನಾಲ್ಕು ಪಟ್ಟು ಕಲಿಸಿದವರು.

ಗಿರ್ದಾವರ್ ಸಾಹೇಬರು ಸಿಟ್ಟಿನಿಂದ ಓಣಿಗೆ ಬಂದರು. ಹಿಂದೆ ಉಸ್ತಾದರು. ಹೊರಗಿನಿಂದ ಬಂದವರ ಮುಂದೆ ಊರಿನ ಮಾನ ತೆಗೆಯಲು ಯಾರೋ ಬೇಕೆಂದೇ ಉಪ್ಪು ಸುರಿದಿದ್ದಾರೆ ಎಂಬುದು ಸಾಹೇಬರ ಅನುಮಾನ. ಮೇಲಿನ ಅಧಿಕಾರಿ ಕೇಳಿದರೆ ಅವರು ಯಾರನ್ನಾದರೂ ತೋರಿಸಬೇಕಾಗಿತ್ತು. ಹೆಂಗಸರೆಲ್ಲ ತಮ್ಮ ತಮ್ಮ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತರು. ಉಪ್ಪು ಎಲ್ಲರೂ ಹಾಕಿದ್ದರು. ಒಬ್ಬರೂ ಬಾಯಿ ಬಿಡಲಿಲ್ಲ. ದೊಡ್ಡವ್ವ ನಮ್ಮ ಅವ್ವನ ಪಕ್ಕದಲ್ಲೇ ನಿಂತಿದ್ದಳು.

"ಸುಮ್ನಿರು ಬೇ," ಎಂದು ಅವ್ವನ ತೋಳು ಚಿವುಟಿದಳು. "ನಮಗ್ಯಾಕ? ಕೇಳಿ ಕೇಳಿ ಬ್ಯಾಸತ್ತು ಹೋಗ್ತಾನ."

ಅವ್ವ ಒಳಗಿನ ಕೋಣೆಯ ಕಡೆ ನೋಡಿದಳು. ಆಮೇಲೆ ಹೊಸ್ತಿಲು ದಾಟಿ ಹೊರಗೆ ಬಂದಳು. ಸೆರಗು ಮೂಗಿನ ತನಕ ಇತ್ತು. ದನಿ ನನಗೇ ಗುರುತು ಸಿಗದಷ್ಟು ಸಣ್ಣದಾಗಿತ್ತು.

"ಉಪ್ಪು ನಾನ ಹಾಕೀನ್ರೀ. ಮಾಳಿಗಿ ಮಣ್ಣಿಗೆ ಹಾಕೀನಿ, ನಿಮ್ಮ ಕುಸ್ತಿಗಿ ಹಾಕಿಲ್ಲ."

ಸಾಹೇಬರಿಗೆ ಅರ್ಥವಾಗಲಿಲ್ಲ. ಅವರು ಕಲ್ಲಿನ ಬಂಗಲೆಯಲ್ಲಿ ಇದ್ದವರು, ದೂರದ ಊರಿನವರು. ಮಣ್ಣಿಗೆ ಉಪ್ಪು ಯಾಕೆ ಎಂದು ಉಸ್ತಾದರ ಮುಖ ನೋಡಿದರು. ಉಸ್ತಾದರು ಹಣೆ ಬಡಿದುಕೊಂಡು, ತಮ್ಮ ಮನೆಯವಳೂ ಹಾಕುತ್ತಾಳೆಂದೂ, ಮೂವತ್ತು ವರ್ಷ ಆ ಮಾಳಿಗೆಯ ಕೆಳಗೆ ಮಲಗಿ ತಮಗೇ ಅದು ಹೊಳೆಯಲಿಲ್ಲವೆಂದೂ ಹೇಳಿದರು. ತಪ್ಪು ಯಾರದೂ ಅಲ್ಲವೆಂದು ತಮ್ಮ ಉರ್ದುವಿನಲ್ಲಿ ಸಾಹೇಬರಿಗೆ ಸ್ವಲ್ಪ ಹೊತ್ತು ತಿಳಿಸಿ ಹೇಳಿದರು. ಸಾಹೇಬರ ಸಿಟ್ಟು ಇಳಿಯದಿದ್ದರೂ ಬೇರೆ ದಾರಿ ಹಿಡಿಯಿತು. ಗುಡ್ಡದಿಂದ ಹೊಸ ಮಣ್ಣು ತರಿಸಬೇಕು, ಈ ಮಣ್ಣನ್ನು ಹಳ್ಳಕ್ಕೆ ಒಗೆಯಬೇಕು ಎಂದು ಆಳುಗಳಿಗೆ ಹೇಳಿ ಹೊರಟರು.

ಅವ್ವ ಇನ್ನೂ ಅಲ್ಲೇ ನಿಂತಿದ್ದಳು. "ಒಗಿಯಾಂವ್ರಿದ್ರ ನಮ್ಮ ಬಾಗಲ ಮುಂದ ಒಗೀರಿ," ಎಂದಳು.

ಸಾಹೇಬರು ತಿರುಗಲಿಲ್ಲ. ಉಸ್ತಾದರು ತಿರುಗಿದರು. "ಯಾಕ್ ಬೇಟಿ?"

"ಮಗಳು ಹಡಿಯಾಕ ಬಂದಾಳ್ರೀ. ಮ್ಯಾಲ ಮಣ್ಣಿಲ್ಲ."

ಅವರು ನಮ್ಮ ಮಾಳಿಗೆಯ ಅಂಚನ್ನೂ ಆಕಾಶವನ್ನೂ ನೋಡಿ ತಲೆಯಾಡಿಸಿ ಹೋದರು. ಸಂಜೆಯೊಳಗೆ ಆಳುಗಳು ಮಣ್ಣು ತಂದು ಓಣಿಯಲ್ಲಿ ಸುರಿದರು. ಹಳ್ಳಕ್ಕಿಂತ ಓಣಿ ಹತ್ತಿರ, ಅವರಿಗೂ ಅದೇ ಅನುಕೂಲ. ಆದರೆ ಹೋಗುವಾಗ ಮನೆಗೊಂದು ಗುಡ್ಡೆಯಾಗಿದ್ದದ್ದು ಬರುವಾಗ ಒಂದೇ ಗುಡ್ಡೆಯಾಗಿತ್ತು. ಎಣ್ಣೆಯ ಜಿಡ್ಡು, ಅರಿಶಿನದ ಬಣ್ಣ, ಹುಳಿ ಮಜ್ಜಿಗೆಯ ವಾಸನೆ. ತಂದದ್ದರಲ್ಲಿ ಎಷ್ಟೋ ದಾರಿಯಲ್ಲೇ ಚೆಲ್ಲಿಹೋಗಿತ್ತು. ಎಲ್ಲರ ಮಾಳಿಗೆಗೂ ಸಾಲುವಂತಿರಲಿಲ್ಲ.

ಅಲ್ಲಿ ಜಗಳ ಹುಟ್ಟಿತು. ನಮ್ಮ ಮಣ್ಣು ಹೆಚ್ಚಿತ್ತು, ನಿಮ್ಮದು ಕಡಿಮೆಯಿತ್ತು ಎಂದು ಹೆಂಗಸರು ಬುಟ್ಟಿ ಹಿಡಿದು ನಿಂತರು. ದೊಡ್ಡವ್ವ ಸೊಂಟದ ಮೇಲೆ ಕೈ ಇಟ್ಟು, ಈ ಎಣ್ಣೆ ನಮ್ಮ ಗಾಣದ್ದು, ಹಾಗಾಗಿ ಮಣ್ಣಿನಲ್ಲಿ ತನ್ನ ಪಾಲು ದೊಡ್ಡದು ಎಂದಳು. ಒಬ್ಬಳು ಹಾಗಾದರೆ ಮಜ್ಜಿಗೆ ನಮ್ಮ ಎಮ್ಮೆಯದು ಎಂದಳು. ಅಷ್ಟರಲ್ಲಿ ಅಕ್ಕ ಗೋಡೆ ಹಿಡಿದುಕೊಂಡು ಬಾಗಿಲಿಗೆ ಬಂದು, ಗದ್ದಲವೇನೆಂದು ನೋಡಿದಳು. ಅವಳ ಹೊಟ್ಟೆ ಕೆಳಗೆ ಇಳಿದಿತ್ತು. ಅದನ್ನು ನೋಡಿ ದೊಡ್ಡವ್ವನೇ ಮೊದಲು ಬುಟ್ಟಿ ಕೆಳಗಿಟ್ಟಳು.

"ಇಕಿ ಇವತ್ತೋ ನಾಳಿಗೋ ಅನ್ನಾಕತ್ಯಾಳ," ಎಂದಳು. "ಮದ್ಲ ಇವರ ಕೋಲಿ ಮ್ಯಾಗ ಹಾಕೂಣು. ಆಮ್ಯಾಲ ಬಡದಾಡೂಣಂತ, ಯಾಳ್ಯಾ ಐತಿ."

ಮಣ್ಣು ಸಿಕ್ಕಿತು, ಮಾಳಿಗೆ ಏರುವ ಹಾಗಿರಲಿಲ್ಲ. ಹೊಸ ಅಖಾಡಕ್ಕಾಗಿ ದಂಗಲ್ ಮುಂದೆ ಹೋಗಿತ್ತು, ಡಂಗುರದ ನೇಮವೂ ಅದರೊಂದಿಗೆ ಮುಂದೆ ಹೋಯಿತು. ಡೇರೆ ತಂದ ಮೊದಲ ಗಾಡಿಗಳನ್ನು ಮತ್ತೆ ರಾಯಚೂರಿಗೆ ಅಟ್ಟಿದ್ದರಿಂದ ಗುಡ್ಡದಿಂದ ಮಂದಿ ತಲೆಯ ಮೇಲೆ ಮಣ್ಣು ಹೊತ್ತರು. ಕತ್ತಲಲ್ಲಿ ಬಡಿದರೆ ಸಪ್ಪಳ ಡೇರೆಗಳಿಗೆ ಕೇಳುತ್ತದೆ, ಅದೂ ಆಗದು. ದಂಗಲ್‌ನ ದಿನ ಬೆಳಗಾದಾಗ ಗಾಳಿ ನಿಂತುಹೋಗಿ ಸೆಕೆ ಏರಿತ್ತು. ಅಂಥ ಸೆಕೆಯ ಸಂಜೆ ಮಳೆ ಬರುತ್ತದೆಂದು ನಮಗೆಲ್ಲ ಗೊತ್ತು. ಅಕ್ಕನಿಗೆ ನಸುಕಿನಲ್ಲೇ ಸೊಂಟ ನೋವು ಶುರುವಾಗಿತ್ತು. ಸೂಲಗಿತ್ತಿ ಬಂದು ಕುಳಿತಿದ್ದಳು.

ಅವ್ವ ನನ್ನ ಕೈ ಹಿಡಿದುಕೊಂಡು ಉಸ್ತಾದರ ಮನೆಗೆ ಹೋದಳು. ಅವರು ನಮಾಜು ಮುಗಿಸಿ ತಲೆಗೆ ಪಟಗಾ ಸುತ್ತುತ್ತಿದ್ದರು. ಇವತ್ತೊಂದು ದಿನ ಮಾಳಿಗೆ ಏರಲು ಬಿಡಿಸಿಕೊಡಿ ಎಂದು ಅವ್ವ ಕೇಳಿಕೊಂಡಳು. ಗರಡಿಯ ನೇಮ ಅವರು ಬದುಕಿಡೀ ನಡೆಸಿಕೊಂಡು ಬಂದದ್ದು. ಇವತ್ತು ಹೊರಗಿನವರ ಕಣ್ಣ ಮುಂದೆ ಅದು ಮುರಿದರೆ ಮಾತು ಬರುವುದು ಅವರ ಮೇಲೆ.

"ನೇಮ ಇರೂದು ಕಣ್ಣಿಗೆ ಬೇಟಿ, ಕಾಲಿಗಲ್ಲ," ಎಂದರು ಕೊನೆಗೆ. "ಹತ್ರಿ. ಬಯಲಿಗೆ ಬೆನ್ನ ಮಾಡಿ ಬಡೀರಿ. ಒಬ್ಬಾಕೀನೂ ತಿರುಗಿ ನೋಡಬಾರ್ದು. ಸಾಹೇಬ್ರಿಗೆ ನಾ ಹೇಳ್ತೀನಿ."

ಅವರು ಏನು ಹೇಳಿದರೋ, ಸಾಹೇಬರು ಒಪ್ಪಿದರೋ ಕಂಡೂ ಕಾಣದಂತೆ ಇದ್ದರೋ ತಿಳಿಯದು. ನಾವು ಏರಿದೆವು. ಮೊದಲು ಹಸಿ ಬೇವಿನ ಸೊಪ್ಪು ಹರಡಿದರು. ಗಂಡಸರು ಯಾರೂ ಇಲ್ಲದ್ದರಿಂದ ಹೆಂಗಸರೇ ನಿಚ್ಚಣಿಕೆಯ ಮೇಲೆ ಸಾಲಾಗಿ ನಿಂತು ಬುಟ್ಟಿ ಕೈಬದಲಾಯಿಸಿದರು. ಮೇಲೆ ಮಣ್ಣು ಹರಡಿ, ನೀರು ಚಿಮುಕಿಸಿ, ಎಲ್ಲರೂ ಬಯಲಿಗೆ ಬೆನ್ನು ಹಾಕಿ ಸಾಲಾಗಿ ಕುಕ್ಕರುಗಾಲಿನಲ್ಲಿ ಕುಳಿತರು. ಕೈಯಲ್ಲಿ ಬಡಿಯುವ ಮರದ ಹಲಗೆ. ಮುಂದೆ ಬಡಿಯುತ್ತ ಹಿಂದೆ ಹಿಂದೆ ಸರಿಯಬೇಕು. ಬೆನ್ನು ಬಯಲಿನ ಕಡೆಗಿದ್ದದ್ದರಿಂದ ನಾವು ಹಿಂದೆ ಸರಿದಷ್ಟೂ ದಂಗಲ್‌ಗೆ ಹತ್ತಿರವಾಗುತ್ತಿದ್ದೆವು. ನನ್ನ ಕೆಲಸ ನೀರಿನ ತಂಬಿಗೆ ಹಿಡಿಯುವುದು.

ಬೆನ್ನ ಹಿಂದೆ ಡೋಲು ಹೊಡೆಯುತ್ತಿತ್ತು. ಮಂದಿಯ ಕೂಗು ಒಮ್ಮೆ ಏರಿ ಒಮ್ಮೆ ಇಳಿಯುತ್ತಿತ್ತು. ತೊಡೆ ತಟ್ಟುವ ಸಪ್ಪಳ ಸ್ಪಷ್ಟವಾಗಿ ಕೇಳುತ್ತಿತ್ತು, ಅಷ್ಟು ಹತ್ತಿರ. ಒಂದು ಸಲ ಇಡೀ ಬಯಲು ಒಮ್ಮೆಗೇ ಉಸಿರು ಹಿಡಿದಂತೆ ಮೌನವಾಯಿತು, ಆಮೇಲೆ ಹೋ ಎಂದಿತು. ಪಕ್ಕದ ಮನೆಯ ಸೊಸೆಯ ಕುತ್ತಿಗೆ ತಿರುಗತೊಡಗಿತು. ದೊಡ್ಡವ್ವ ಹಲಗೆಯಿಂದಲೇ ಅವಳ ಮೊಣಕೈಗೆ ಒಂದು ಕೊಟ್ಟಳು. ಕೆಳಗಿನಿಂದ ಸೂಲಗಿತ್ತಿ, ಮೇಲೆ ಬಡಿದರೆ ಇಲ್ಲಿ ಕಣ್ಣಿಗೆ ಧೂಳು ಬೀಳುತ್ತಿದೆ ಎಂದು ಕೂಗಿದಳು. ಬಡಿಯುವುದನ್ನು ನಿಲ್ಲಿಸುವ ಹಾಗಿರಲಿಲ್ಲ, ಹೆರಿಗೆಯನ್ನು ನಿಲ್ಲಿಸುವ ಹಾಗೂ ಇರಲಿಲ್ಲ. ಕೊನೆಗೆ ಅಕ್ಕನ ಮೇಲೆ ಒಂದು ದುಪ್ಪಟಿಯನ್ನು ನಾಲ್ಕು ಮೂಲೆಗೆ ಕಟ್ಟಿದರು. ಅಕ್ಕ ಕಿರುಚಿದ್ದು ಮೇಲೆ ನಮಗೆ ಕೇಳುತ್ತಿತ್ತು. ಅವ್ವ ಪ್ರತಿ ಸಲ ಕೈ ತಡೆದು, ಮತ್ತೆ ಬಡಿಯುತ್ತಿದ್ದಳು. ಕೆಳಗೆ ಹೋಗು, ಉಳಿದದ್ದು ನಾವು ನೋಡುತ್ತೇವೆ ಎಂದು ಎಲ್ಲರೂ ಹೇಳಿದರು. ಕೋಣೆಯ ಮೇಲಿನ ಪಡುವಣ ಮೂಲೆ ಮುಗಿಯುವ ತನಕ ಅವಳು ಇಳಿಯಲಿಲ್ಲ.

ನಮ್ಮ ಪಾಲಿಗೆ ಬಿಟ್ಟ ಮಣ್ಣು ಕೋಣೆಗೂ ನಡುಮನೆಯ ಅರ್ಧಕ್ಕೂ ಆಯಿತು, ಮಿಕ್ಕದ್ದನ್ನು ಬೇರೆ ಮನೆಗಳವರು ಹಂಚಿಕೊಂಡರು. ಅಡಿಗೆಮನೆ ಹಾಗೇ ಉಳಿಯಿತು. ನಾವು ಇಳಿಯುವಾಗ ಗಾಳಿ ಎದ್ದಿತು, ಬಯಲಿನಲ್ಲಿ ಡೇರೆಯ ಬಟ್ಟೆ ಪಟಪಟ ಬಡಿದುಕೊಳ್ಳತೊಡಗಿತು. ದೀಪ ಹಚ್ಚುವ ಹೊತ್ತಿಗೆ ಮಳೆ ಬಂತು. ಅಡಿಗೆಮನೆಯಲ್ಲಿ ಒಲೆ ಆರಿ, ಬೂದಿ ನೀರಿನೊಡನೆ ಹರಿದು ನಡುಮನೆಗೆ ಬಂತು. ಬಾಣಂತಿಗೆ ನೀರು ಕಾಯಿಸಲು ದೊಡ್ಡವ್ವನ ಮನೆಯಿಂದ ಕೆಂಡ ತಂದದ್ದು ನಾನೇ. ಮಳೆ ಇನ್ನೂ ಹೊಡೆಯುತ್ತಿರುವಾಗ ಮಗು ಅತ್ತಿತು. ಹೆಣ್ಣು. ಅವ್ವ ಮಗುವನ್ನು ನೋಡಿ, ಆಮೇಲೆ ತಲೆಯೆತ್ತಿ ಜಂತಿ ನೋಡಿದಳು. ಗೋಡೆಯ ಪಕ್ಕದಲ್ಲಿ ಒಂದು ಕಡೆ ತೇವ ಕಂಡಿತ್ತು, ಹನಿ ಬೀಳಲಿಲ್ಲ.

ಕೊನೆಯ ಗಾಡಿಗಳ ಜೊತೆ ಅಪ್ಪ ಮರುದಿನ ಬಂದ. ಗಾಡಿಯ ಸಾಮಾನು ಇಳಿಸಿ, ಎತ್ತು ಬಿಚ್ಚುವ ಮೊದಲೇ ಓಣಿಗೆ ಓಡಿ ಬಂದು ಬಾಗಿಲಲ್ಲಿ ನಿಂತ. "ಸೋರ್ತೇನು?" ಎಂದು ಕೇಳಿದ. ಅವ್ವ ಅಡಿಗೆಮನೆ ತೋರಿಸಿದಳು. ಅವನ ಮುಖ ಕಪ್ಪಿಟ್ಟಿತು. ಆಮೇಲೆ ಕೋಣೆಯೊಳಗೆ ಕರೆದು ಮಗುವನ್ನು ತೋರಿಸಿದಳು.

ಆ ಮಳೆಗಾಲವಿಡೀ ಆ ಕೋಣೆಯಲ್ಲಿ ಅರಿಶಿನ, ಎಣ್ಣೆಯ ವಾಸನೆ ಇತ್ತು. ಎಣ್ಣೆಗೆ ಕೆಂಪಿರುವೆ ಬಂದವು. ಅಕ್ಕ ಮಗುವಿನ ತೊಟ್ಟಿಲಿನ ಹಗ್ಗಕ್ಕೆ ಸೀಮೆಎಣ್ಣೆಯ ಬಟ್ಟೆ ಸುತ್ತಬೇಕಾಯಿತು. ಓಣಿಯ ಮೂರು ಮನೆಗಳು ಮಣ್ಣಿಲ್ಲದೆ ಸೋರಿದವು. ಆ ಮನೆಯವರು ನಮ್ಮ ಜೊತೆ ಬಹಳ ದಿನ ಮುಖ ಕೊಟ್ಟು ಮಾತಾಡಲಿಲ್ಲ, ಅದು ತಪ್ಪೆಂದು ನಾನು ಹೇಳಲಾರೆ. ಅಪ್ಪ ಹೊಸ ಅಖಾಡದ ಮಣ್ಣನ್ನು ಕೇಳಿ ತಂದು ಅವರಿಗೆ ಹಂಚಿದ, ಆದರೆ ಆ ಹೊತ್ತಿಗೆ ಒಂದು ಗೋಡೆ ಕುಸಿದಿತ್ತು. ತಟ್ಟಿಗಳನ್ನು ಯಾರೂ ಬಿಚ್ಚಲಿಲ್ಲ. ಮುಂದಿನ ಬೇಸಿಗೆಯ ತನಕ ಹಾಗೇ ನಿಂತು, ಆಮೇಲೆ ಒಲೆಗೆ ಹೋದವು.

ಅವತ್ತು ಗೆದ್ದವರು ಯಾರೆಂದು ನೀವು ಕೇಳುತ್ತೀರಿ. ನನಗೆ ಗೊತ್ತಿಲ್ಲ. ಮದುವೆಯಾದ ಮೇಲೆ ಇದೇ ದಂಗಲ್ ನೋಡಿದ್ದೆವೆಂಬ ಇಬ್ಬರು ಮುದುಕರ ಮಾತು ಕೇಳಿದ್ದೆ. ಒಬ್ಬರು ಕಾಬೂಲಿನವನು ಎಂದರು, ಇನ್ನೊಬ್ಬರು ಪಂಜಾಬಿನವನು ಎಂದು ಆಣೆ ಮಾಡಿದರು. ಅವರಿಗಿಂತ ನಾನೇ ಹತ್ತಿರದಲ್ಲಿದ್ದೆ. ತಂಬಿಗೆ ಹಿಡಿದುಕೊಂಡು ಅವ್ವನ ಪಕ್ಕದಲ್ಲಿ ಅವಳ ಮುಖ ನೋಡುತ್ತ ನಿಂತಿದ್ದೆ, ಅವಳು ಕೋಣೆಯ ಮೂಲೆಯ ಮಣ್ಣು ನೋಡುತ್ತಿದ್ದಳು.